ಮಳೆ ರಜೆಯಲ್ಲಿ ಮೊಳೆತ ಬೀನ್ಸ್

ಜುಲೈನಲ್ಲಿ ನಮ್ಮ ಕೊಡಗಿನ ಮಕ್ಕಳಿಗೆ ಯಾವತ್ತು ಶಾಲೆ, ಯಾವತ್ತು ಮಳೆ ರಜೆ ಅಂತ ಹಿಂದಿನ ರಾತ್ರಿಯವರೆಗೂ ಗೊತ್ತಿರುವುದಿಲ್ಲ. ಸೋಮವಾರಪೇಟೆ ಹತ್ತಿರ ನಮ್ಮ ಮನೆ. ಮಗನಿಗೆ ಆರು ವರ್ಷ, ಮಗಳಿಗೆ ಮೂರೂವರೆ. ಇಬ್ಬರನ್ನೂ ದಿನವಿಡೀ ಒಳಗೆ ಹಿಡಿದಿಡಲು ದಾರಿ ಕಾಣದೆ ಬೀಜ ಹಾಕಿಸಲು ಶುರು ಮಾಡಿದೆ.

ಮೊದಲ ವರ್ಷ ಪೂರ್ತಿ ಕೆಟ್ಟಿತು. ಜೂನ್‌ನಲ್ಲಿ ಮೊಸರಿನ ಕಪ್‌ಗಳಿಗೆ ಮಣ್ಣು ತುಂಬಿ ಟೊಮೆಟೊ ಬೀಜ ಹಾಕಿದೆವು. ಕಪ್‌ಗೆ ತೂತು ಮಾಡಿರಲಿಲ್ಲ. ಅಡುಗೆಮನೆಗೆ ಬಂದಾಗಲೆಲ್ಲ ಮಕ್ಕಳು ಒಂದೊಂದು ಲೋಟ ನೀರು. ಆರನೇ ದಿನ ಸಸಿ ಎದ್ದವು, ಹತ್ತನೇ ದಿನ ಅಡ್ಡಬಿದ್ದವು. ಎಲೆ ಹಸಿರಾಗಿಯೇ ಇತ್ತು, ಮಣ್ಣಿಗೆ ತಾಗುವಲ್ಲಿ ಕಾಂಡ ಮಾತ್ರ ಕಂದಾಗಿ ನೂಲಿನಂತೆ ಸಣ್ಣಗಾಗಿತ್ತು. ಮಗಳು ‘ಮಲ್ಕೊಂಡಿದೆ, ಮಾತಾಡ್ಬೇಡಿ’ ಅಂದಳು. ಅದು ಶಿಲೀಂಧ್ರದಿಂದ ಬರುವ ಬುಡ ಕೊಳೆ. ಹಸಿ ಮಣ್ಣು, ಗಾಳಿಯಾಡದ ಜಾಗ, ಒತ್ತೊತ್ತಾಗಿ ಹಾಕಿದ ಬೀಜ, ಮೂರೂ ನಮ್ಮಲ್ಲಿದ್ದವು.

ಮರು ವರ್ಷ ದಿನ ಹಿಂದಕ್ಕೆ ಎಣಿಸಿದೆ. ನಮ್ಮಲ್ಲಿ ಮಳೆಯ ಜೋರು ಇಳಿಯುವುದು ಸೆಪ್ಟೆಂಬರ್ ಮಧ್ಯಕ್ಕೆ. ಟೊಮೆಟೊ ಸಸಿ 25–30 ದಿನಕ್ಕೆ ನಾಟಿಗೆ ಬರುತ್ತದೆ, ಹಸಿಮೆಣಸಿಗೆ 40 ದಿನ ಬೇಕು. ಹಾಗಾಗಿ ಮೆಣಸಿನ ಬೀಜ ಹಾಕಿದ್ದು ಕೊಡವರ ಕಕ್ಕಡ ತಿಂಗಳ 18ರಂದು, ಅಂದರೆ ಆಗಸ್ಟ್ 3ಕ್ಕೆ. ಅವತ್ತು ಅಡುಗೆಗೆ ಬಳಸುವ ಮದ್ದುಸೊಪ್ಪಿನ ಘಮ ಮನೆ ತುಂಬ ಇದ್ದ ದಿನ. ಟೊಮೆಟೊ ಅದಾಗಿ ಹತ್ತು ದಿನಕ್ಕೆ.

ಕಾಫಿ ನರ್ಸರಿಗೆ ಕಲಸುವ ಲೆಕ್ಕ ತೋಟದವರಿಗೆಲ್ಲ ಗೊತ್ತು: ಆರು ಪಾಲು ಕಾಡುಮಣ್ಣು, ಎರಡು ಪಾಲು ಹಟ್ಟಿಗೊಬ್ಬರ, ಒಂದು ಪಾಲು ಮರಳು. ಮಳೆಗಾಲದಲ್ಲಿ ಮನೆಯೊಳಗಿನ ಪುಟ್ಟ ಬೀಜಕ್ಕೆ ಅದು ಜಾಸ್ತಿ ಭಾರ. ಗೊಬ್ಬರ ಬಿಟ್ಟು, ಕೋಕೋಪಿಟ್ (ತೆಂಗಿನ ನಾರಿನ ಪುಡಿ) ಮತ್ತು ಜರಡಿ ಹಿಡಿದ ಮಣ್ಣು ಅರ್ಧರ್ಧ ಬೆರೆಸಿ, ಮಕ್ಕಳನ್ನು ದೂರ ಕೂರಿಸಿ ಕುದಿಯುವ ನೀರು ಸುರಿದೆ. ಆರಿದ ಮೇಲೆ ತುಂಬಿದೆವು. ಅತ್ತೆ ಮೇಲೊಂದಿಷ್ಟು ಒಲೆ ಬೂದಿ ಉದುರಿಸಿದರು. ಅದರಿಂದ ಏನಾಯಿತೋ ಗೊತ್ತಿಲ್ಲ, ಬೇಡ ಅನ್ನಲು ನನಗೆ ಧೈರ್ಯ ಬರಲಿಲ್ಲ.

ನೀರಿನ ಸಮಸ್ಯೆ ಮಾತಿಗೆ ಬಗ್ಗಲಿಲ್ಲ, ಪಾತ್ರೆ ಬದಲಿಸಿದ್ದಕ್ಕೆ ಬಗ್ಗಿತು. ಲೋಟ ಎತ್ತಿಟ್ಟು ಇಬ್ಬರಿಗೂ ಒಂದೊಂದು ಔಷಧಿ ಬಾಟಲಿಯ ಮುಚ್ಚಳ ಕೊಟ್ಟೆ. ಬೆರಳಿಟ್ಟು ನೋಡು, ಮಣ್ಣು ಅಂಟಿದರೆ ಇವತ್ತು ನೀರಿಲ್ಲ. ಬೆರಳು ಇಡುವುದೇ ಅವರಿಗೆ ಆಟವಾಯಿತು.

ಅಂಗಡಿಯ ಪೊಟ್ಟಣದಲ್ಲಿ ಗುಲಾಬಿ ಬಣ್ಣದ ಬೀಜ ಇದ್ದರೆ ಅದಕ್ಕೆ ಔಷಧಿ ಲೇಪಿಸಿರುತ್ತಾರೆ. ಅದನ್ನು ಮಕ್ಕಳ ಕೈಗೆ ಕೊಡಬೇಡಿ, ನೀವೇ ಹಾಕಿ ಕೈ ತೊಳೆಯಿರಿ. ಮಕ್ಕಳಿಗೆ ನಾನು ಕೊಡುವುದು ಮನೆಯಲ್ಲೇ ಎತ್ತಿಟ್ಟ ಬೀನ್ಸ್ ಬೀಜ. ಪುಟ್ಟ ಬೆರಳಿಗೆ ಸಿಗುತ್ತದೆ, ನಾಲ್ಕೈದು ದಿನಕ್ಕೆ ಏಳುತ್ತದೆ. ನಿಜ ಹೇಳಬೇಕಂದ್ರೆ ಬೀನ್ಸನ್ನು ಕಿತ್ತು ನೆಡುವ ಅಗತ್ಯವೇ ಇಲ್ಲ, ನೇರ ನೆಲಕ್ಕೆ ಹಾಕಬಹುದು. ಆದರೆ ಹನ್ನೆರಡು ದಿನ ಮೆಣಸಿನ ಮಣ್ಣು ನೋಡುತ್ತಾ ಕೂರುವ ಮಗು ಎಲ್ಲಿದೆ ಹೇಳಿ?

ಮಗನಿಗೆ ನಾಲ್ಕು ದಿನವೂ ಕಾಯಲಾಗಲಿಲ್ಲ. ದಿನಾ ಬೆಳಿಗ್ಗೆ ಬೀಜ ಅಗೆದು ನೋಡಿ ಮತ್ತೆ ಮುಚ್ಚುತ್ತಿದ್ದ. ಬೈಯುವ ಬದಲು ಗಾಜಿನ ಲೋಟದ ಒಳಮೈಗೆ ಒದ್ದೆ ಪೇಪರ್ ಸುತ್ತಿ, ಪೇಪರಿಗೂ ಗಾಜಿಗೂ ನಡುವೆ ಎರಡು ಬೀಜ ಸಿಕ್ಕಿಸಿಟ್ಟೆ. ಮೊದಲು ಬಿಳಿ ಬೇರು ಕೆಳಗೆ ಇಳಿಯಿತು. ಆಮೇಲೆ ಬಾಗಿದ ಕಾಂಡ ನೆಟ್ಟಗಾಗಿ ಬೀಜವನ್ನೇ ತಲೆ ಮೇಲೆ ಎತ್ತಿತು. ‘ಅಜ್ಜಿ, ಇದು ಟೋಪಿ ಹಾಕ್ಕೊಂಡಿದೆ!’ ಅಂತ ಕೂಗಿದ. ಅತ್ತೆ ನಕ್ಕುಬಿಟ್ಟರು. ಕಾಫಿ ಸಸಿ ಹೀಗೆ ಬೀಜ ಹೊತ್ತು ಎದ್ದಾಗ ನರ್ಸರಿಯಲ್ಲಿ ಟೋಪಿ ಅಂತಲೇ ಕರೆಯುತ್ತಾರೆ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೆಣಸಿಗೆ ಬೆಚ್ಚಗಿರಬೇಕು. ಆಗಸ್ಟ್ ಚಳಿಯಲ್ಲಿ ಕಿಟಕಿ ಬಳಿ ಅದು ಅಲುಗಾಡುವುದಿಲ್ಲ. ಬಚ್ಚಲೊಲೆ ಪಕ್ಕದ ಗೂಡಿನಲ್ಲಿಟ್ಟೆ, ಹನ್ನೆರಡನೇ ದಿನ ಮೊಳೆಯಿತು. ಮೊಳೆತ ದಿನವೇ ಬೆಳಕಿಗೆ ತರಬೇಕು, ಇಲ್ಲದಿದ್ದರೆ ಸಸಿ ಸೊರಗಿ ಉದ್ದಕ್ಕೆ ಎಳೆಯುತ್ತದೆ. ಮೋಡದ ದಿನಗಳಿಗಾಗಿ ಒಂದು ಎಲ್‌ಇಡಿ ಟ್ಯೂಬನ್ನು ಸಸಿಯ ಮೇಲೆ ಗೇಣೆತ್ತರದಲ್ಲಿ ಕಟ್ಟಿದೆ. ಕರೆಂಟ್ ಇದ್ದಷ್ಟು ಹೊತ್ತು ಉರಿಯಿತು, ಅಷ್ಟೇ.

ಸೆಪ್ಟೆಂಬರ್‌ನಲ್ಲಿ, ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದು ಕಳೆದ ಮೇಲೆ, ಒಂದು ವಾರ ದಿನಾ ಒಂದಿಷ್ಟು ಹೊತ್ತು ಜಗುಲಿಯಲ್ಲಿಟ್ಟು ಬಿಸಿಲಿಗೆ ಹೊಂದಿಸಿ ನೆಟ್ಟೆವು. ನೆಡುವಾಗ ಇನ್ನೊಂದು ವಿಷಯ ಗೊತ್ತಾಯಿತು. ಗಾಂಧಾರಿ ಮೆಣಸು, ಬಜ್ಜಿ ಮೆಣಸು ಅಂತ ಪೆನ್ಸಿಲ್‌ನಲ್ಲಿ ಬರೆದು ಚುಚ್ಚಿದ್ದ ಐಸ್‌ಕ್ರೀಂ ಕಡ್ಡಿಗಳನ್ನೆಲ್ಲ ಮಗಳು ಕಿತ್ತು, ಒಂದೇ ಕಪ್‌ನಲ್ಲಿ ಬೇಲಿ ಕಟ್ಟಿದ್ದಳು. ಯಾವುದು ಯಾವ ಮೆಣಸು ಅಂತ ಇನ್ನು ಕಾಯಿ ಬಿಟ್ಟ ಮೇಲೆ ತಿಂದೇ ನೋಡಬೇಕು.