ಹಿಂದಿನ ಜೇಬಿಲ್ಲದವರಿಗೆ ಹೆಗಲಿನ ಪ್ರಶ್ನಾವಳಿ

ಬಾಗಲಕೋಟೆಯಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಹತ್ತಿರ ಹೆಗಲು ಹಿಡಿದುಕೊಂಡು ಬರುವವರೇ ಜಾಸ್ತಿ. ಶುಗರ್ ಇದ್ದು ಹೆಗಲು ಬಿಗಿದವರು, ಇಳಕಲ್ಲಿನ ನೇಕಾರರು, ದಿನಾ ರೊಟ್ಟಿ ಬಡಿಯುವ ಹೆಂಗಸರು. ಎಷ್ಟು ಗುಣ ಆಯ್ತು ಅಂತ ಅಳೆಯಲು ಸ್ಪಾಡಿ ಅನ್ನೋ ಪ್ರಶ್ನಾವಳಿ ಇದೆ. 1991ರಲ್ಲಿ ಇಂಗ್ಲಿಷಿನಲ್ಲಿ ಬಂದದ್ದು. ನೋವಿನ ಬಗ್ಗೆ 5 ಪ್ರಶ್ನೆ, ಕೆಲಸದ ತೊಂದರೆ ಬಗ್ಗೆ 8. ಒಂದೊಂದಕ್ಕೂ 0ಯಿಂದ 10ರೊಳಗೆ ಅಂಕ; 0 ಅಂದರೆ ಏನೂ ತೊಂದರೆ ಇಲ್ಲ, 10 ಅಂದರೆ ವಿಪರೀತ. ಅದನ್ನು ನಮ್ಮ ಕಡೆಯ ಮಾತಿಗೆ ಒಗ್ಗಿಸಲು ಕೂತಾಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು, ನಿಮ್ಮ ಭಾಷೆಯಲ್ಲಿ ಆಗಲೇ ಯಾರಾದರೂ ಮಾಡಿದ್ದಾರಾ ನೋಡಿ. ಮೂಲ ಮಾಡಿದವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಬೇರೆ ಭಾಷೆಯವರು ಹೇಗೆ ಮಾಡಿದರು ಅಂತಲೂ ಓದಿ. ನಾನು ಟರ್ಕಿಯವರ ಕೆಲಸ ಓದಿದೆ. ತೋಳು, ಹೆಗಲು, ಕೈ ಮೂರಕ್ಕೂ ಸೇರಿದ ಡ್ಯಾಶ್ ಅನ್ನೋ 30 ಪ್ರಶ್ನೆಗಳ ಪಟ್ಟಿಯನ್ನು ಅವರು 2006ರಲ್ಲಿ ತುರ್ಕಿ ಭಾಷೆಗೆ ತಂದರು. ಅದರ ಇಂಗ್ಲಿಷ್ ಮೂಲದಲ್ಲಿ ಗಾಲ್ಫ್, ಫ್ರಿಸ್ಬಿ ಆಡುವಾಗ ತೊಂದರೆ ಇದೆಯಾ ಅಂತ ಕೇಳುತ್ತಾರೆ! ತುರ್ಕಿಯಲ್ಲಿ ಹೆಗಲಿಗೆ ಓಮುಜ್, ತೋಳಿಗೆ ಕೋಲ್. ನಮ್ಮವರಿಗೆ ಹೆಗಲು, ಭುಜ, ರಟ್ಟಿ, ತೋಳು ಎಲ್ಲಾ ಒಂದರೊಳಗೊಂದು. ಅದಕ್ಕೆ ನಾನು ಹಾಳೆಯ ಮೇಲೆ ಒಂದು ಮೈಯ ಚಿತ್ರ ಹಾಕಿ, ಜಾಗಕ್ಕೆ ಗೆರೆ ಎಳೆದೆ.

ಕ್ರಮ ಹೀಗೆ. ಇಬ್ಬರು ಬೇರೆ ಬೇರೆ ಕೂತು ಕನ್ನಡಕ್ಕೆ ತರಬೇಕು. ಒಬ್ಬರಿಗೆ ವೈದ್ಯಕೀಯ ಗೊತ್ತಿರಲಿ, ಇನ್ನೊಬ್ಬರಿಗೆ ಗೊತ್ತಿಲ್ಲದಿರಲಿ. ಎರಡನ್ನೂ ಕೂಡಿಸಿ ಒಂದು ಮಾಡಿ. ಆಮೇಲೆ ಮೂಲವನ್ನು ನೋಡದ ಇನ್ನಿಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು. ಇದು ಸುಮ್ನೆ ಶಾಸ್ತ್ರಕ್ಕೆ ಮಾಡೋದಲ್ಲ. ನಾವು ‘ಬಾಧಿತ ಬದಿಯಲ್ಲಿ ಮಲಗಿದಾಗ’ ಅಂತ ಬರೆದಿದ್ದೆವು. ತಿರುಗಿ ಬಂದದ್ದು ‘ನೋವಿರುವವರ ಪಕ್ಕದಲ್ಲಿ ಮಲಗಿದಾಗ’! ಕೊನೆಗೆ ‘ಬ್ಯಾನಿ ಇರೋ ತೋಳು ಕೆಳಗ ಬರೋಹಂಗ ಮಲಗಿದಾಗ’ ಅಂತ ಮಾಡಿದೆವು. ಆಮೇಲೆ ಎಲ್ಲರೂ ಒಟ್ಟಿಗೆ ಕೂತು ಒಂದೊಂದೇ ಸಾಲು ಒರೆಗೆ ಹಚ್ಚಬೇಕು.

ಆ ಕೂಟದಲ್ಲಿ ಜಾಸ್ತಿ ಹೊತ್ತು ತಿಂದದ್ದು ಕೊನೆಯ ಪ್ರಶ್ನೆ: ಹಿಂದಿನ ಜೇಬಿನಿಂದ ಏನಾದರೂ ತೆಗೆಯುವುದು. ಸೀರೆ ಉಟ್ಟವರಿಗೆ, ಧೋತರ ಉಟ್ಟವರಿಗೆ ಹಿಂದಿನ ಜೇಬು ಎಲ್ಲಿಂದ ಬರಬೇಕು? ಇಲ್ಲಿ ಅನುವಾದ ಮಾಡಬೇಕಾದ್ದು ಜೇಬನ್ನಲ್ಲ, ಕೈಯ ಚಲನೆಯನ್ನು. ತೋಳು ಒಳಮುಖವಾಗಿ ತಿರುಗಿ ಬೆನ್ನ ಹಿಂದೆ ಹೋಗುತ್ತದಾ ಅನ್ನೋದು ಆ ಪ್ರಶ್ನೆಯ ಜೀವ. ನಮ್ಮ ಅಜ್ಜಂದಿರು ಧೋತರದ ಕಚ್ಚೆಯನ್ನು ಹಿಂದೆ ಸಿಗಿಸುವಾಗ ಕೈ ಅಲ್ಲಿಗೇ ಹೋಗುತ್ತದೆ. ಹೆಂಗಸರು ಸೆರಗನ್ನು ಹಿಂದಿನಿಂದ ಎಳೆದು ಸೊಂಟಕ್ಕೆ ಸಿಗಿಸುವಾಗಲೂ ಅಷ್ಟೇ. ಜೇಬನ್ನು ಹಾಗೇ ಇಟ್ಟು, ಈ ಎರಡನ್ನೂ ಪಕ್ಕಕ್ಕೆ ಸೇರಿಸಿದೆವು. ಬೇರೆ ಪ್ರಶ್ನೆಗಳಲ್ಲಿ ಬರುವ ಎತ್ತರದ ಶೆಲ್ಫ್ ನಮ್ಮಲ್ಲಿ ‘ನಾಗೊಂದಿಗೆ’ ಆಯಿತು. ತಲೆ ತೊಳೆಯುವುದು ‘ಎರಕೊಳ್ಳೋದು’. ಹತ್ತು ಪೌಂಡಿನ ಭಾರ ಅಂದರೆ ನಾಲ್ಕೂವರೆ ಕಿಲೋ. ತುಂಬಿದ ಕೊಡ ಅಂತ ಬರೆಯಲು ಹೊರಟಿದ್ದೆ, ಅದು ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ‘ಐದು ಕಿಲೋಕ್ಕ ಸ್ವಲ್ಪ ಕಡಿಮಿ ಜ್ವಾಳದ ಚೀಲ’ ಅಂತ ಬರೆದೆವು.

ಇಷ್ಟಾದ ಮೇಲೆ 30ರಿಂದ 40 ರೋಗಿಗಳ ಮುಂದೆ ಇಡಿ. ಉತ್ತರ ಮಾತ್ರ ಬರೆದುಕೊಂಡರೆ ಸಾಲದು. ‘ಈ ಪ್ರಶ್ನೆ ನಿಮಗ ಏನು ತಿಳೀತ್ರಿ?’ ಅಂತ ಒಬ್ಬೊಬ್ಬರನ್ನೂ ಕೇಳಿ. ನನಗೆ ಕಣ್ಣು ತೆರೆದದ್ದು ಇಲ್ಲೇ. ತೋಳು ಎತ್ತಲಾರದ ಒಬ್ಬ ಅಜ್ಜ ಎಲ್ಲಕ್ಕೂ ಸೊನ್ನೆ ಅಂದ. ಬೇರೊಬ್ಬ ಹುಡುಗ, ಪೂರ್ತಿ ಗುಣವಾದವನು, ‘ಹತ್ತಕ್ಕ ಹತ್ತು’ ಅಂದ. ಇಬ್ಬರೂ ಸಾಲಿ ಪರೀಕ್ಷೆಯ ಲೆಕ್ಕ ಹಾಕಿದ್ದರು, ಜಾಸ್ತಿ ಬಂದರೆ ಪಾಸು ಅಲ್ವಾ! ಅದಕ್ಕೆ ಹತ್ತು ಹುಣಸೆ ಬೀಜ ಮೇಜಿನ ಮೇಲಿಟ್ಟು, ‘ಬ್ಯಾನಿ ಎಷ್ಟೋ ಅಷ್ಟು ಬೀಜ ಈ ಕಡೆ ಸರಿಸ್ರಿ’ ಅಂದೆ. ಅಳತೆಯನ್ನು ಬದಲಿಸಿಲ್ಲ, ಅದೇ 0ಯಿಂದ 10. ‘ಹನ್ನೆರಡಾಣೆ ಕಡಿಮಿ ಆಗೇದ್ರಿ’ ಅನ್ನುವ ಅಜ್ಜಿಯರೂ ಬೀಜ ಸರಿಯಾಗಿಯೇ ಸರಿಸಿದರು. ಬೀಜ ಬಳಸಿದ್ದನ್ನು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ.

ಲೆಕ್ಕದ ಭಾಗಕ್ಕೆ ಸಂಖ್ಯಾಶಾಸ್ತ್ರ ಬಲ್ಲವರನ್ನು ಹಿಡಿಯಿರಿ, ನಾನೂ ಹಾಗೇ ಮಾಡಿದೆ. ಅದೇ ರೋಗಿಗೆ ಕೆಲವು ದಿನ ಬಿಟ್ಟು ಮತ್ತೆ ಕೇಳಬೇಕು, ನಡುವೆ ನೋವು ಬದಲಾಗಿರಬಾರದು. ಇದಕ್ಕೆ ಕನಿಷ್ಠ 50 ಜನ ಇದ್ದರೆ ಒಳ್ಳೇದು. ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವಾ ಅಂತ ಅಳೆಯುವ ಕ್ರೋನ್‌ಬಾಕ್ ಆಲ್ಫಾ ಅನ್ನೋ ಅಂಕಿ 0.70ರ ಮೇಲಿರಲಿ. 0.95 ದಾಟಿದರೆ ಖುಷಿ ಪಡಬೇಡಿ, ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುತ್ತಿರಬಹುದು.

ಖಾಲಿ ಬಿಟ್ಟ ಪ್ರಶ್ನೆಗೆ ಸೊನ್ನೆ ಹಾಕಬೇಡಿ. ‘ತೆಲಿ ಸೊಸಿನ ಎರೀತಾಳ್ರಿ’ ಅಂದ ಅಜ್ಜಿಗೆ ಆ ಪ್ರಶ್ನೆಯನ್ನೇ ಬಿಟ್ಟು, ಕೆಲಸದ ಭಾಗದ ಒಟ್ಟು ಅಂಕವನ್ನು 80ರ (8 ಪ್ರಶ್ನೆಗೆ ತಲಾ 10) ಬದಲು 70ರಿಂದ ಭಾಗಿಸಿದೆ. ಆದರೆ ಬಿಡುವ ಮುಂಚೆ, ಸೊಸಿ ಎರೆಯುವುದು ಪ್ರೀತಿಗೋ, ಅಜ್ಜಿಯ ಕೈ ಮೇಲೆ ಹೋಗದ್ದಕ್ಕೋ ಅಂತ ಇನ್ನೊಂದು ಮಾತು ಕೇಳಿ.