ಓವರ್ ಅಂದ ಮೇಲೆ ಕಾಯಬೇಕು

ಮೊದಲ ಸಲ ಸ್ಟ್ಯಾಂಡಪ್ ಕಾಮಿಡಿಗೆಂದು ಮೈಕ್ ಹಿಡಿದಾಗ ನನ್ನ ಹೆಬ್ಬೆರಳು ಸ್ವಿಚ್ ಹುಡುಕುತ್ತಿತ್ತು. 17 ವರ್ಷ ಸೈನ್ಯದ ಸಿಗ್ನಲ್ಸ್‌ನಲ್ಲಿ, ಅಂದರೆ ಸಂಪರ್ಕದ ವಿಭಾಗದಲ್ಲಿ, ರೇಡಿಯೋ ಆಪರೇಟರ್ ಆಗಿದ್ದವನ ಅಭ್ಯಾಸ ಅದು. ನಮ್ಮ ಸೆಟ್ಟಿನಲ್ಲಿ ಸ್ವಿಚ್ ಒತ್ತಿದರೆ ಮಾತು, ಬಿಟ್ಟರೆ ಕಿವಿ. ಮಂಗಳೂರಿನ ಆ ಕೆಫೆಯ ಮೈಕಿನಲ್ಲಿ ಅಂಥದ್ದೇನೂ ಇರಲಿಲ್ಲ. ಹಾಗಾಗಿ ನಾನು ಬಿಡಲೇ ಇಲ್ಲ. ಐದು ನಿಮಿಷಕ್ಕೆಂದು ಬರೆದುಕೊಂಡು ಹೋದದ್ದನ್ನು ಎರಡೂವರೆ ನಿಮಿಷದಲ್ಲಿ ಹೇಳಿ ಮುಗಿಸಿದೆ. ಮತ್ತೇನು ಮಾಡುವುದೆಂದು ತಿಳಿಯದೆ ಕಾಲು ಜೋಡಿಸಿ "ಜೈ ಹಿಂದ್" ಅಂದೆ. ಮೂವತ್ತು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಲ್ಲಿಯವರೆಗೆ ಒಬ್ಬರೂ ನಕ್ಕಿರಲಿಲ್ಲ.

ಅದು 2022ರ ಮಳೆಗಾಲ. ನನಗೆ ಆಗ 39.

ಹಿಂದಿನದನ್ನು ಬೇಗ ಹೇಳಿಬಿಡುತ್ತೇನೆ. ಊರು ಕಾಪು ಹತ್ತಿರ. ಪಿಯುಸಿ ಆದ ಮೇಲೆ ಎರಡು ವರ್ಷ ಸುಮ್ನೆ ತಿರುಗಿದೆ. 2002ರಲ್ಲಿ ಮಂಗಳೂರಿನಲ್ಲಿ ಭರ್ತಿ ನಡೆದಾಗ ಗೆಳೆಯನ ಜೊತೆಗೆಂದು ಹೋದವನು, 1.6 ಕಿಲೋಮೀಟರ್ ಓಡಿ ಪಾಸಾದೆ. ಗೆಳೆಯ ಆಗಲಿಲ್ಲ. ಅವನು ಈಗ ದುಬೈಯಲ್ಲಿ ನನಗಿಂತ ಎಷ್ಟೋ ಚೆನ್ನಾಗಿದ್ದಾನೆ, ಆ ಮಾತು ಬಿಡಿ. ತರಬೇತಿ ಗೋವಾದ ಸಿಗ್ನಲ್ ಟ್ರೇನಿಂಗ್ ಸೆಂಟರಿನಲ್ಲಿ. ಆಮೇಲೆ ಜಮ್ಮು, ಲೇಹ್, ರಾಜಸ್ಥಾನ, ಮತ್ತೆ ಜಮ್ಮು. 2019ರಲ್ಲಿ ನಾಯಕ್ ಆಗಿ ಪೆನ್ಶನ್ ತೆಗೆದುಕೊಂಡು ಊರಿಗೆ ಬಂದೆ. ಬಂದ ಮೇಲೆ ಮಿಲಿಟ್ರಿಯಿಂದ ಬಂದವರೆಲ್ಲ ಮಾಡುವುದನ್ನೇ ಮಾಡಿದೆ. ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತೆ.

ಆ ಬ್ಯಾಂಕಿನಲ್ಲೇ ನನ್ನೊಳಗೆ ಏನೋ ಶುರುವಾಯಿತು ಅನ್ನಬೇಕು. ದಿನಕ್ಕೆ ನೂರು ಜನ ಬರುತ್ತಿದ್ದರು. ಎಲ್ಲರೂ ನನ್ನ ಹತ್ತಿರ ಕೇಳುತ್ತಿದ್ದದ್ದು ಒಂದೇ. "ಪೆನ್ ಉಂಟಾ?" ದೇಶದ ಗಡಿಯಲ್ಲಿ ನಿಂತು ಬಂದವನು ಈಗ ದಾರ ಕಟ್ಟಿದ ಪೆನ್ನಿಗೆ ಕಾವಲು. ಇದನ್ನು ಒಂದು ದಿನ ಊಟದ ಹೊತ್ತಿಗೆ ಕ್ಯಾಶಿಯರ್ ಮೇಡಂಗೆ ಹೇಳಿದೆ. ಅವರು ನಗುತ್ತಾ ಅನ್ನ ನೆತ್ತಿಗೆ ಹತ್ತಿಸಿಕೊಂಡರು. ಓಪನ್ ಮೈಕ್ ಅಂತ ಒಂದಿದೆ, ಯಾರು ಬೇಕಾದರೂ ಹೋಗಿ ಐದು ನಿಮಿಷ ಮಾತಾಡಬಹುದು ಅಂತ ಹೇಳಿದ್ದು ಅವರ ಮಗಳು.

ಸೈನ್ಯ ಬಿಟ್ಟು ಕಾಮಿಡಿಗೆ ಬಂದವರು ಹೊರದೇಶದಲ್ಲಿ ಇದ್ದಾರೆ ಎಂದು ನನಗೆ ಆಮೇಲೆ ಗೊತ್ತಾಯಿತು. ಅಮೆರಿಕದ ಜಾರ್ಜ್ ಕಾರ್ಲಿನ್ ವಾಯುಪಡೆಯಲ್ಲಿ ರೇಡಾರ್ ಟೆಕ್ನಿಷಿಯನ್ ಆಗಿದ್ದರು. 1957ರಲ್ಲಿ ಅವಧಿಗೆ ಮೊದಲೇ ಅವರನ್ನು ಮನೆಗೆ ಕಳಿಸಿದರು. ಡ್ರೂ ಕ್ಯಾರಿ ಆರು ವರ್ಷ ಮರೀನ್ ರಿಸರ್ವ್‌ನಲ್ಲಿದ್ದರು. ಆ ಸಣ್ಣ ಕ್ರಾಪು, ದಪ್ಪ ಕನ್ನಡಕ ಅಲ್ಲಿಂದಲೇ ಬಂದದ್ದು. ಓದಿ ಖುಷಿಯಾಯಿತು. ಆದರೆ ಅವರ ಊರಿನಲ್ಲಿ ಸೈನಿಕನನ್ನು ನೋಡಿ ನಗುತ್ತಾರೋ ಏನೋ, ನಮ್ಮಲ್ಲಿ ನಗುವುದಿಲ್ಲ. ನನ್ನ ಮೊದಲ ದೊಡ್ಡ ತೊಂದರೆ ಅದೇ ಆಯಿತು.

ನಿರೂಪಕ ಹುಡುಗ ಪಾಪ, ಗೌರವದಿಂದಲೇ ಹೇಳುತ್ತಿದ್ದ. "ಈಗ ವೇದಿಕೆಗೆ ಬರುತ್ತಿದ್ದಾರೆ ದೇಶ ಕಾಯ್ದ ವೀರ ಯೋಧ..." ಅಷ್ಟು ಕೇಳಿದ ಮೇಲೆ ಯಾರು ನಗುತ್ತಾರೆ? ಎದುರು ಕುಳಿತವರ ಮುಖ ಸ್ವಾತಂತ್ರ್ಯೋತ್ಸವದ ಮುಖವಾಗಿಬಿಡುತ್ತಿತ್ತು. ಒಮ್ಮೆ ಯುವಕ ಮಂಡಲದವರು ಆಗಸ್ಟ್ 15ಕ್ಕೆ ಕರೆದಿದ್ದರು. ಕಾಮಿಡಿ ಮಾಡಿ ಅಂದಿದ್ದರು. ಹೋದ ಕೂಡಲೇ ಶಾಲು ಹೊದಿಸಿ, ಪೇಟ ಇಟ್ಟು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಆಮೇಲೆ "ಈಗ ನಗಿಸಿ" ಅಂದರು. ಪೇಟ ತೆಗೆದರೆ ಅವರಿಗೆ ಬೇಸರ. ತೆಗೆಯದಿದ್ದರೆ ನನಗೆ ಕಿವಿ ಕೇಳುವುದಿಲ್ಲ. ಹತ್ತು ನಿಮಿಷ ಮಾತಾಡಿದೆ. ಎದುರಿನ ಸಾಲಿನಲ್ಲಿದ್ದ ಒಬ್ಬ ಅಜ್ಜ ಕಣ್ಣೊರೆಸಿಕೊಂಡರು. ನಾನು ಹೇಳುತ್ತಿದ್ದದ್ದು ಒಣ ಸಿಗಡಿ ಚಟ್ನಿಯ ಕಥೆ.

ಆ ರಾತ್ರಿಯೇ ಒಂದು ತೀರ್ಮಾನ ಮಾಡಿದೆ. ನನ್ನನ್ನು ಪರಿಚಯಿಸುವಾಗ ಸೈನಿಕ ಎಂದು ಹೇಳಬಾರದು. ಹೆಸರು ಹೇಳಿ, ಕಾಪುವಿನವರು ಅನ್ನಿ, ಸಾಕು. ಮೊದಲ ಮೂರು ನಿಮಿಷ ನಾನು ಬ್ಯಾಂಕಿನ ವಾಚ್‌ಮನ್. ಪೆನ್ನಿನ ಜೋಕಿಗೆ ನಕ್ಕು, ನನ್ನನ್ನು ನೋಡಿ ನಗಬಹುದು ಎಂದು ಅವರಿಗೆ ಧೈರ್ಯ ಬಂದ ಮೇಲೆ ಮಿಲಿಟ್ರಿಯ ಮಾತು ತೆಗೆಯುತ್ತೇನೆ. ಒಂದೇ ಒಂದು ಸಾಲು ಜಾಗ ಬದಲಾಯಿತು. ಎಲ್ಲವೂ ಬದಲಾಯಿತು.

ಎರಡನೇ ತೊಂದರೆ ಭಾಷೆಯದ್ದು. ಸೈನ್ಯದ ತಮಾಷೆಯೆಲ್ಲ ನನ್ನ ತಲೆಯೊಳಗೆ ಹಿಂದಿಯಲ್ಲೇ ಕೂತಿತ್ತು. ತರಬೇತಿ ಕೊಡುವ ಉಸ್ತಾದರ ಬೈಗುಳ ಹಿಂದಿ, ಊಟದ ಲಂಗರಿನ ಜಗಳ ಹಿಂದಿ. ಅದನ್ನು ಕನ್ನಡಕ್ಕೆ ತಂದರೆ ಮೊನ್ನೆಯ ಗೋಳಿಬಜೆ ಆಗುತ್ತಿತ್ತು. ತುಳುವಿನಲ್ಲೇ ಮಾಡು ಅಂದರು ಕೆಲವರು. ಆದರೆ ತುಳುವಿನಲ್ಲಿ ನಗಿಸುವುದು ಅಂದರೆ ಸುಮ್ನೆ ಅಲ್ಲ. ದೇವದಾಸ್ ಕಾಪಿಕಾಡ್, ನವೀನ್ ಡಿ. ಪಡೀಲ್, ಭೋಜರಾಜ್ ವಾಮಂಜೂರು, ಅರವಿಂದ ಬೋಳಾರ್ ಅವರ ನಾಟಕ ನೋಡಿ ಬೆಳೆದ ಜನ ಇಲ್ಲಿಯವರು. ಬೋಳಾರ್ ವೇದಿಕೆಗೆ ಬಂದು ಬರೀ ನಿಂತರೂ ಹಾಲ್ ನಗುತ್ತದೆ. ನಾನು ನಿಂತರೆ ಕವಾಯತು.

ಕೊನೆಗೆ ನಾನು ಮನೆಯಲ್ಲಿ ಮಾತಾಡುವ ಹಾಗೆಯೇ ಮಾತಾಡಿದೆ. ಕಥೆ ಮಂಗಳೂರು ಕನ್ನಡದಲ್ಲಿ, ಅಮ್ಮನ ಮಾತು ತುಳುವಿನಲ್ಲಿ, ಸುಬೇದಾರ್ ಸಾಹೇಬರ ಮಾತು ಹಿಂದಿಯಲ್ಲಿ. ಯಾರಿಗಾದರೂ ಒಂದು ಅರ್ಥವಾಗದಿದ್ದರೆ ಇನ್ನೊಂದರಲ್ಲಿ ಹಿಡಿದುಕೊಳ್ಳುತ್ತಾರೆ. ರಜೆಗೆ ಬಂದ ಸೈನಿಕನಿಗೆ ಊರಲ್ಲಿ ಎದುರಾಗುವ ಪ್ರಶ್ನೆಯನ್ನು ತುಳುವಿನಲ್ಲೇ ಕೇಳಬೇಕು. "ಏಪ ಬತ್ತಿನಿ? ಏಪ ಪೋಪಿನಿ?" ಯಾವಾಗ ಬಂದದ್ದು, ಯಾವಾಗ ಹೋಗುವುದು, ಎರಡೂ ಒಂದೇ ಉಸಿರಿನಲ್ಲಿ. ಚೀಲ ಇನ್ನೂ ಕೆಳಗೆ ಇಟ್ಟಿರುವುದಿಲ್ಲ. ಮೂರನೆಯ ಪ್ರಶ್ನೆ ಬಾಯಲ್ಲಿ ಕೇಳುವುದಿಲ್ಲ. ಕಣ್ಣಲ್ಲೇ ನನ್ನ ಕಪ್ಪು ಟ್ರಂಕ್ ನೋಡುತ್ತಾರೆ. ಕ್ಯಾಂಟೀನಿನ ರಮ್ ಎಷ್ಟು ಬಾಟ್ಲಿ ಉಂಟು ಅಂತ. ಇದಕ್ಕೆ ಉಡುಪಿಯಲ್ಲಿ ಸಿಕ್ಕಿದ ನಗು ಬೆಂಗಳೂರಿನಲ್ಲಿ ಸಿಗಲಿಲ್ಲ. ಅಲ್ಲಿ ಟ್ರಂಕ್ ಎಂದರೇನು ಎಂದು ವಿವರಿಸಬೇಕಾಯಿತು.

ಇಷ್ಟಾದರೂ ಏನೋ ಸರಿಯಿರಲಿಲ್ಲ. ನಗು ಬರುತ್ತಿತ್ತು, ಸತ್ತು ಹೋಗುತ್ತಿತ್ತು. ಯಾಕೆಂದು ಹಿಡಿದುಕೊಟ್ಟದ್ದು ಹಳೆಯ ಕೆಲಸವೇ.

ರೇಡಿಯೋ ಡ್ಯೂಟಿಯಲ್ಲಿ ಲಾಗ್ ಬರೆಯುತ್ತೇವೆ. ಯಾವ ಸಂದೇಶ, ಎಷ್ಟು ಗಂಟೆಗೆ, ಯಾರಿಂದ ಯಾರಿಗೆ. ಅದೇ ಥರ ಒಂದು ಉದ್ದ ಪುಸ್ತಕ ತಂದು ಗೆರೆ ಹಾಕಿದೆ. ಫೋನಿನಲ್ಲಿ ನನ್ನ ಐದು ನಿಮಿಷ ರೆಕಾರ್ಡ್ ಮಾಡಿ, ರಾತ್ರಿ ಕೂತು, ಯಾವ ಸಾಲಿಗೆ ಎಷ್ಟು ಸೆಕೆಂಡ್ ನಗು ಎಂದು ಬರೆಯತೊಡಗಿದೆ. ನಗು ನೀಲಿ ಪೆನ್ನಿನಲ್ಲಿ, ನನ್ನ ಮಾತು ಕೆಂಪಿನಲ್ಲಿ. ಮೊದಲ ಪುಟ ನೋಡಿದಾಗಲೇ ನಾಚಿಕೆಯಾಯಿತು. ನೀಲಿ ಶುರುವಾದ ಒಂದು ಸೆಕೆಂಡಿಗೆ ಸರಿಯಾಗಿ ಕೆಂಪು. ಪ್ರತಿ ಸಲ. ಜನ ನಗಲು ಬಾಯಿ ತೆರೆದರೆ ನಾನು ಮುಂದಿನ ಜೋಕ್ ಹೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ.

ಸಿಗ್ನಲ್ಸ್‌ನಲ್ಲಿ ಕಲಿಯುವ ಮೊದಲ ಪಾಠವೇ ಇದಕ್ಕೆ ಮದ್ದು. ಆ ಸೆಟ್ಟಿನಲ್ಲಿ ಇಬ್ಬರು ಒಟ್ಟಿಗೆ ಮಾತಾಡಲಾಗದು. ನೀನು ಸ್ವಿಚ್ ಒತ್ತಿಕೊಂಡಿರುವಷ್ಟು ಹೊತ್ತು ಆಚೆಯವನ ದನಿ ನಿನಗೆ ಕೇಳದು. "ಓವರ್" ಅನ್ನಬೇಕು, ಅಂದರೆ ನನ್ನದಾಯಿತು, ಇನ್ನು ನೀನು ಹೇಳು ಎಂದು. ಬೆರಳು ತೆಗೆಯಬೇಕು, ಕಾಯಬೇಕು. ಎದುರಿನಿಂದ ಕಿರ್ ಎಂಬ ಸದ್ದು ಮಾತ್ರ ಬಂದರೂ ಕಾಯಬೇಕು. ಉಸ್ತಾದರು ನಾಲ್ಕು ಅಕ್ಷರ ಬಾಯಿಪಾಠ ಮಾಡಿಸುತ್ತಿದ್ದರು, ಆರ್‌ಎಸ್‌ವಿಪಿ. ರಿದಮ್, ಸ್ಪೀಡ್, ವಾಲ್ಯೂಮ್, ಪಿಚ್. ಲಯ ತಪ್ಪಬೇಡ, ಆಚೆಯವನು ಬರೆದುಕೊಳ್ಳುವಷ್ಟು ನಿಧಾನ ಮಾತಾಡು, ಕಿರುಚಬೇಡ, ದನಿ ತುಸು ಮೇಲಿಡು. ಸ್ಟ್ಯಾಂಡಪ್ ಕಲಿಸುವವರು ಇದನ್ನೇ ಹೇಳಿ ಮೂರು ಸಾವಿರ ತೆಗೆದುಕೊಳ್ಳುತ್ತಾರೆ. ನನಗೆ ಸರ್ಕಾರವೇ ಸಂಬಳ ಕೊಟ್ಟು ಕಲಿಸಿತ್ತು. ನಾನೇ ಮರೆತಿದ್ದೆ.

ಈಗಲೂ ಪಂಚ್, ಅಂದರೆ ಜೋಕಿನ ನಗಿಸುವ ಸಾಲು, ಹೇಳಿದ ಮೇಲೆ ಮನಸ್ಸಿನೊಳಗೆ "ಓವರ್" ಅನ್ನುತ್ತೇನೆ. ಹೆಬ್ಬೆರಳನ್ನು ಮೈಕಿನಿಂದ ಎತ್ತುತ್ತೇನೆ. ವಿಡಿಯೋದಲ್ಲಿ ಗಮನಿಸಿದರೆ ಕಾಣುತ್ತದೆ.

ಲೇಹ್‌ನ ಜೋಕ್ ಇದರಿಂದಲೇ ಬದುಕಿತು. ಮೊದಲು ಅದು ನಾಲ್ಕು ನಿಮಿಷ ಇತ್ತು. ವಿಮಾನ, ಚಳಿ, ಎತ್ತರಕ್ಕೆ ಬಲೂನಿನ ಹಾಗೆ ಊದಿಕೊಂಡ ಕೋರಿ ರೊಟ್ಟಿ ಪ್ಯಾಕೆಟ್, ಎಲ್ಲ ಇತ್ತು. ಲಾಗ್ ನೋಡಿ ಕತ್ತರಿಸುತ್ತಾ ಬಂದೆ. ಉಳಿದದ್ದು ಇಷ್ಟು. ಲೇಹ್ ಇರುವುದು 11,500 ಅಡಿ ಎತ್ತರದಲ್ಲಿ. ಹೋದವನು ಆ ಗಾಳಿಗೆ ಒಗ್ಗಿಕೊಳ್ಳಲು ಸೈನ್ಯದಲ್ಲಿ ಆರು ದಿನ ಕೊಡುತ್ತಾರೆ. ಅದರಲ್ಲಿ ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ, ಅದು ಆರ್ಡರ್. ಅಮ್ಮನಿಗೆ ಫೋನ್ ಮಾಡಿದೆ. ಏನು ಮಾಡ್ತಿದ್ದಿ ಮಗಾ? ಮಲಗಿದ್ದೇನೆ ಅಮ್ಮ. ನಾಳೆ? ನಾಳೆಯೂ ಮಲಗಬೇಕು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದಕ್ಕೆ ಅಷ್ಟು ದೂರ ಹೋಗಬೇಕಿತ್ತಾ? ಇಲ್ಲಿಯೂ ಅದನ್ನೇ ಮಾಡ್ತಿದ್ದಿ ಅಲ್ವಾ?"

ಅಮ್ಮ ಸುಮ್ಮನಿದ್ದ ಆ ಹೊತ್ತೇ ಜೋಕಿನ ಪ್ರಾಣ. ಅಲ್ಲಿ ಎರಡು ಸೆಕೆಂಡ್ ಕಾದರೆ ನಗು ಏಳು ಸೆಕೆಂಡ್. ಕಾಯದಿದ್ದರೆ ಮೂರು. ಲಾಗ್‌ನಲ್ಲಿ ಹದಿನಾಲ್ಕು ಸಲ ಬರೆದಿದ್ದೇನೆ.

ಇನ್ನೊಂದು ಕಲಿತದ್ದು ಯಕ್ಷಗಾನದ ಆಟದಿಂದ. ಸಣ್ಣವನಿರುವಾಗ ಕಟೀಲು ಮೇಳದ ಬಯಲಾಟಕ್ಕೆ ಹೋಗಿ ಚಾಪೆ ಹಾಸಿ ಮಲಗುತ್ತಿದ್ದೆವು. ಹಾಸ್ಯಗಾರ ಬಂದಾಗ ಮಾತ್ರ ಎಬ್ಬಿಸಬೇಕು ಎಂದು ಅಕ್ಕನಿಗೆ ಹೇಳಿರುತ್ತಿದ್ದೆ. ಮಿಜಾರು ಅಣ್ಣಪ್ಪ ಹಾಸ್ಯಗಾರರ ಮಾತು ಮನೆಯ ಹಿರಿಯರ ಬಾಯಲ್ಲಿ ಕೇಳಿ ಬೆಳೆದೆ. ಯಕ್ಷಗಾನದ ಹಾಸ್ಯಗಾರ ಒಬ್ಬನೇ ಮಾತಾಡುವುದಿಲ್ಲ. ಭಾಗವತರು ಏನೂ ತಿಳಿಯದವರ ಹಾಗೆ ಪ್ರಶ್ನೆ ಕೇಳುತ್ತಾರೆ, ಇವನು ಉತ್ತರ ಕೊಡುತ್ತಾನೆ. ನಗು ಇವನದ್ದು, ಅದಕ್ಕೆ ಜಾಗ ಮಾಡಿಕೊಡುವುದು ಅವರು. ಸ್ಟ್ಯಾಂಡಪ್‌ನಲ್ಲಿ ಭಾಗವತರಿಲ್ಲ. ಹಾಗಾಗಿ ಮೊದಲ ಸಾಲಿನಲ್ಲಿ ಒಬ್ಬರನ್ನು ಹುಡುಕಿಕೊಳ್ಳುತ್ತೇನೆ. ಕೈಕಟ್ಟಿ ಕೂತ, ಹೆಂಡತಿಯ ಒತ್ತಾಯಕ್ಕೆ ಬಂದ ಅಣ್ಣ ಒಬ್ಬ ಎಲ್ಲ ಶೋನಲ್ಲೂ ಇರುತ್ತಾನೆ. ಅವನೇ ಆ ರಾತ್ರಿಯ ಭಾಗವತ.

ಮಣಿಪಾಲದಲ್ಲಿ ಅಂಥ ಒಬ್ಬರು ಕೇಳಿಯೇಬಿಟ್ಟರು. "ಬಾರ್ಡರಿನಲ್ಲಿ ಎಷ್ಟು ಜನರನ್ನು ಕೊಂದಿದ್ದೀರಿ?" ಹಾಲ್ ತಣ್ಣಗಾಯಿತು. ನನಗೂ ಒಂದು ಕ್ಷಣ ಎದೆ ಧಸಕ್ ಅಂತು. ರೇಡಿಯೋದಲ್ಲಿ ಕೇಳಿಸದಿದ್ದರೆ "ರಿಪೀಟ್" ಅನ್ನುವ ಹಾಗಿಲ್ಲ. ಫಿರಂಗಿಯವರಿಗೆ ಅದರ ಅರ್ಥ ಮತ್ತೊಮ್ಮೆ ಗುಂಡು ಹಾರಿಸು ಎಂದು. "ಸೇ ಅಗೇನ್" ಅನ್ನಬೇಕು. ಅದೇ ಅಂದೆ. ಅವರು ಮತ್ತೆ ಕೇಳುವಷ್ಟರಲ್ಲಿ ನನಗೆ ಉತ್ತರ ಸಿಕ್ಕಿತ್ತು. "ಅಣ್ಣಾ, ನಾನು ಸಿಗ್ನಲ್ಸ್. ನಾನು ಕೊಂದದ್ದು ಬ್ಯಾಟರಿ ಮಾತ್ರ." ಅವತ್ತಿನ ನೀಲಿ ಗೆರೆ ಹನ್ನೊಂದು ಸೆಕೆಂಡ್.

ಆ ಪ್ರಶ್ನೆಗೆ ಬೇರೆ ಉತ್ತರಗಳೂ ಇವೆ. ಅವು ವೇದಿಕೆಗಲ್ಲ. ಯುನಿಟ್ಟಿನ ಹೆಸರು, ಪೋಸ್ಟ್ ಇದ್ದ ಜಾಗ, ಹೋದವರ ವಿಷಯ, ಈ ಮೂರನ್ನು ನಾನು ಮುಟ್ಟುವುದಿಲ್ಲ. ಉಡುಪಿಯ ಅಜ್ಜರಕಾಡಿನ ಯುದ್ಧ ಸ್ಮಾರಕದ ಮುಂದೆ ಹಾದು ಹೋಗುವಾಗ ಸ್ಕೂಟರ್ ನಿಧಾನ ಮಾಡುತ್ತೇನೆ. ಅದರಲ್ಲಿ ಜೋಕ್ ಇಲ್ಲ.

ದುಡ್ಡಿನ ಮಾತು ಕೇಳುವವರು ಜಾಸ್ತಿ, ಹೇಳುತ್ತೇನೆ. ಮೊದಲ ಒಂದು ವರ್ಷ ಸೊನ್ನೆ. ಬಸ್ಸಿನ ದುಡ್ಡು ಕೈಯಿಂದ. ಮೊದಲ ಸಂಭಾವನೆ 1,500 ರೂಪಾಯಿ. ಈಗ ಕಂಪನಿಗಳ ಕಾರ್ಯಕ್ರಮ, ಕಾಲೇಜು, ವರ್ಷಕ್ಕೆ ಒಂದೆರಡು ಸಲ ಮುಂಬೈಯ ಕರಾವಳಿ ಸಂಘಗಳು ಕರೆಯುತ್ತವೆ. ಮದುವೆಯ ಹಿಂದಿನ ದಿನದ ಮೆಹಂದಿಗೂ ಹೋಗುತ್ತೇನೆ. ಅದರಷ್ಟು ಕಷ್ಟದ ಡ್ಯೂಟಿ ಇನ್ನೊಂದಿಲ್ಲ. ಒಂದು ಕಡೆ ಡಿಜೆ, ಒಂದು ಕಡೆ ಕೋರಿ ಸುಕ್ಕ, ನಡುವೆ ನಾನು. ಬ್ಯಾಂಕಿನ ಕೆಲಸ 2023ರ ಕೊನೆಗೆ ಬಿಟ್ಟೆ. ಆದರೆ ನನ್ನನ್ನು ನೋಡಿ ಇದ್ದ ಕೆಲಸ ಬಿಡಬೇಡಿ. ನನಗೆ ತಿಂಗಳು ತಿಂಗಳು ಪೆನ್ಶನ್ ಬೀಳುತ್ತದೆ. ಅದಿಲ್ಲದಿದ್ದರೆ ನಾನು ಇವತ್ತಿಗೂ ಆ ಪೆನ್ ಕಾಯುತ್ತಿದ್ದೆ.

2024ರಲ್ಲಿ ಮಂಗಳೂರಿನ ಬಲ್ಮಠದ ಡಾನ್ ಬಾಸ್ಕೊ ಹಾಲಿನಲ್ಲಿ ಒಂದು ಗಂಟೆಯ ಶೋ ಮಾಡಿದೆ, ನಾನೊಬ್ಬನೇ. ಟಿಕೆಟ್ ಇಟ್ಟು. ಇನ್ನೂರ ಎಂಬತ್ತು ಜನ ಬಂದರು. ಅಮ್ಮ ಮೂರನೇ ಸಾಲಿನಲ್ಲಿದ್ದರು. ಲೇಹ್‌ನ ಜೋಕ್ ಬಂದಾಗ ಎಲ್ಲರೂ ನಕ್ಕರು, ಅಮ್ಮ ನಗಲಿಲ್ಲ. ಮನೆಗೆ ಬಂದ ಮೇಲೆ ಕೇಳಿದೆ. "ನಾನು ಹಾಗೆ ಹೇಳಿರಲೇ ಇಲ್ಲ. ಊಟ ಮಾಡಿ ಮಲಗು ಅಂದಿದ್ದೆ" ಅಂದರು. ಇರಬಹುದು. ನನಗೆ ನೆನಪಿರುವುದು ಅವರು ಸುಮ್ಮನಿದ್ದದ್ದು.

ಕೂರದ ಜೋಕ್ ಒಂದಿದೆ. ಸೈನ್ಯ ಬಿಡುವ ದಿನ ಕ್ಲಿಯರೆನ್ಸ್ ಚೀಟಿ ಹಿಡಿದು ಎಲ್ಲ ಕಡೆ ಸಹಿ ಹಾಕಿಸಬೇಕು. ಸ್ಟೋರ್, ಮೆಸ್, ಲೈಬ್ರರಿ, ಕ್ಯಾಂಟೀನ್, ಇವನಿಂದ ನಮಗೆ ಏನೂ ಬರಲು ಬಾಕಿಯಿಲ್ಲ ಎಂದು. ಕೊನೆಯದಾಗಿ ರೇಡಿಯೋ ಸೆಟ್ ಒಪ್ಪಿಸಿದೆ. ಅಲ್ಲಿದ್ದ ಹುಡುಗ ಸ್ವಿಚ್ ಒತ್ತಿ ಪರೀಕ್ಷೆ ಮಾಡಿ, "ಸರಿ ಇದೆ ಸರ್, ನೀವು ಹೋಗಬಹುದು" ಅಂದ. ನನಗೆ ಇದು ತುಂಬಾ ತಮಾಷೆ. ಜನ ಮಾತ್ರ "ಅಯ್ಯೋ" ಅನ್ನುತ್ತಾರೆ. ಹನ್ನೊಂದು ಸಲ ಹೇಳಿದ್ದೇನೆ, ಲಾಗ್‌ನಲ್ಲಿ ಹನ್ನೊಂದು ಸೊನ್ನೆ ಇದೆ. ಹುಡುಗನ ಮಾತನ್ನು ಹಿಂದಿಗೆ ಹಾಕಿ ನೋಡಿದೆ, ಚೀಟಿಯನ್ನು ಮುಂದೆ ತಂದೆ, ಲೈಬ್ರರಿ ತೆಗೆದೆ. ಬರುವ ತಿಂಗಳು ಉಡುಪಿಯಲ್ಲಿ ಶೋ ಇದೆ. ಈ ಸಲ ಸ್ವಿಚ್ ಒತ್ತಿದ ಮೇಲೆ ಮೂರು ಸೆಕೆಂಡ್ ಬಿಟ್ಟು ನೋಡುತ್ತೇನೆ.