ವಚನದ ನಂಬರು ತೆಗೆದು ಓದಿಸಿದೆ: ಭಾಂಡುಪ್ ಮನೆಕೂಟದ ನನ್ನ ಅನುಭವ

ಬೈಬಲ್ ಭಾಗವನ್ನು ವಚನದ ನಂಬರಿಲ್ಲದೆ, ಪೂರ್ತಿಯಾಗಿ ಓದಿಸಿದರೆ ಜನ ತಾವೇ ಪಾಠ ಹುಡುಕಿ ತೆಗೆಯುತ್ತಾರೆ. ನಾನು ಇದನ್ನು ಹೇಳಿದಾಗ ಸಭೆಯ ಹಿರಿಯರು ಯಾರೂ ಒಪ್ಪಲಿಲ್ಲ. "ಪಾಸ್ಟರ್ ಪ್ರಸಂಗ ಇಲ್ಲ ಅಂದ್ರೆ ಜನ ಬರಲ್ಲ ಬ್ರದರ್, ಸುಮ್ನೆ ಕಾಗದದ ಖರ್ಚು" ಅಂದರು. ಈಗ ಮುಂಬೈಯ ಭಾಂಡುಪ್‌ನಲ್ಲಿರುವ ನಮ್ಮ ಚಾಳಿನಿಂದ (ಸಾಲು ಖೋಲಿಗಳ ವಠಾರ) ಕಲ್ಯಾಣ್‌ವರೆಗೆ ನಾಲ್ಕೈದು ಮನೆಗಳಲ್ಲಿ ಇದೇ ರೀತಿ ಕೂಟ ನಡೆಯುತ್ತಿದೆ. ಹಾಳೆ ಕೇಳಿಕೊಂಡು ಬಂದವರಲ್ಲಿ ಹಾಗೆ ಹೇಳಿದ ಹಿರಿಯರೂ ಇದ್ದಾರೆ.

ನಮ್ಮ ಕೂಟದವರು ಹೆಚ್ಚಾಗಿ ಬೀದರ್, ಕಲಬುರಗಿ ಕಡೆಯವರು. ಗೌಂಡಿ ಕೆಲಸ, ವಾಚ್‌ಮನ್ ಕೆಲಸ, ಆಸ್ಪತ್ರೆಯಲ್ಲಿ ಆಯಾ ಕೆಲಸ. ಶನಿವಾರ ರಾತ್ರಿ ಒಂಬತ್ತರ ಮೇಲೆ ಸೇರುತ್ತೇವೆ. ಅಷ್ಟೊತ್ತಿಗೆ ಎಲ್ಲರಿಗೂ ಕಣ್ಣು ಎಳೆಯುತ್ತಿರುತ್ತದೆ.

ಮೊದಲು ಅಚ್ಚು ಹಾಕಿದ ಪಾಠದ ಪುಸ್ತಕ ತರಿಸಿದ್ದೆವು. ಹತ್ತಿರ ಹತ್ತಿರ ನಾಲ್ಕು ಸಾವಿರ ಹೋಯಿತು. ಬಿಟ್ಟ ಜಾಗ ತುಂಬುವ ಪ್ರಶ್ನೆಗಳು. ಮೂರನೇ ಪಾಠದ ಹೊತ್ತಿಗೆ ಎಲ್ಲದಕ್ಕೂ ಒಂದೇ ಉತ್ತರ: ಪ್ರಾರ್ಥನೆ ಮಾಡಬೇಕು, ನಂಬಿಕೆ ಇಡಬೇಕು. ತಪ್ಪಲ್ಲ, ಆದರೆ ಅದನ್ನು ಹೇಳಲು ಬೈಬಲ್ ತೆರೆಯುವುದೇ ಬೇಡ ಅಲ್ವಾ? ಆಮೇಲೆ ಎಂಟು ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್ ಬಂತು. ಹತ್ತು ಬೈ ಹನ್ನೆರಡರ ಖೋಲಿಯಲ್ಲಿ ಹದಿನೈದು ಜನ ಕೂತರೆ ಖಾಲಿ ಗೋಡೆ ಎಲ್ಲಿ ಸಿಗುತ್ತದೆ? ಅರ್ಧ ಬೆಲೆಗೆ ಮಾರಿದೆವು. ವಾಟ್ಸಾಪ್‌ನಲ್ಲಿ ದಿನಕ್ಕೊಂದು ವಚನ ಹಾಕಿದರೆ ಕೈಮುಗಿದ ಚಿತ್ರ ಮೂವತ್ತು ಬರುತ್ತಿತ್ತು. ಆ ವಚನದ ಹಿಂದೆ ಮುಂದೆ ಏನಿದೆ ಎಂದು ಯಾರೂ ನೋಡುತ್ತಿರಲಿಲ್ಲ.

ಅಧ್ಯಾಯ, ವಚನದ ನಂಬರು ಎಲ್ಲಾ ಆಮೇಲೆ ಬಂದದ್ದು. ಈಗಿನ ಅಧ್ಯಾಯಗಳು 13ನೇ ಶತಮಾನದ ಇಂಗ್ಲೆಂಡಿನ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನ್ ಮಾಡಿದ್ದು ಅನ್ನುತ್ತಾರೆ. ಹೊಸ ಒಡಂಬಡಿಕೆಗೆ ಇವತ್ತಿನ ವಚನದ ನಂಬರು ಕೊಟ್ಟದ್ದು ಫ್ರಾನ್ಸಿನ ಮುದ್ರಕ ರಾಬರ್ಟ್ ಎಸ್ಟಿಯೆನ್, 1551ರಲ್ಲಿ. ಅಪೊಸ್ತಲ ಪೌಲ ಸಭೆಗಳಿಗೆ ಬರೆದದ್ದು ಕಾಗದ. ಊರಿಂದ ಬಂದ ಕಾಗದದಲ್ಲಿ ನಡುವಿನ ಒಂದು ಸಾಲು ಓದಿ ಮಡಚಿಡುತ್ತೇವೆಯೇ? ಹಾಗಾಗಿ ಒಂದು ಭಾಗವನ್ನು ನಾನೇ ಟೈಪ್ ಮಾಡಿದೆ. ನಂಬರು, ತಲೆಬರಹ ಎಲ್ಲಾ ತೆಗೆದೆ. ಅಕ್ಷರ ದಪ್ಪ, ಸಾಲಿನ ನಡುವೆ ಜಾಗ, ಬದಿಗೆ ನಾಲ್ಕು ಬೆರಳು ಖಾಲಿ. ಝೆರಾಕ್ಸ್ ಪುಟಕ್ಕೆ ಎರಡು ರೂಪಾಯಿ. ತಿಂಗಳಿಗೆ ಇನ್ನೂರು ಚಿಲ್ಲರೆಯಲ್ಲಿ ಮುಗಿಯುತ್ತದೆ. ತಿಂಗಳಿಗೆ ಒಂದೇ ಭಾಗ.

ಮೊದಲ ಎರಡು ವಾರ "ಇದು ನನಗೆ ಏನು ಹೇಳುತ್ತದೆ" ಅನ್ನುವ ಮಾತೇ ಇಲ್ಲ. ಯಾರು, ಯಾರಿಗೆ, ಯಾವಾಗ, ಅದಕ್ಕೆ ಮುಂಚೆ ಏನಾಗಿತ್ತು, ಅಷ್ಟೇ. ಜನರಿಗೆ ಬಾಯಿ ಕಟ್ಟಿದ ಹಾಗೆ ಆಗುತ್ತದೆ, ಆಗಲಿ. ಮೂರನೇ ವಾರ ಅವರಿಗೂ ನಮಗೂ ಎಲ್ಲಿ ಹೋಲಿಕೆ, ಎಲ್ಲಿ ಇಲ್ಲ ಎಂದು ಕೇಳುತ್ತೇನೆ. ನಾಲ್ಕನೇ ವಾರ ಮಾಡಬೇಕಾದ ಒಂದು ಕೆಲಸ.

ಈ ಪದ್ಧತಿ ಹಿಡಿದದ್ದು ಯೆರೆಮೀಯ 29ರಲ್ಲಿ. ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು. ಅದರ 11ನೇ ವಚನ ನಮ್ಮವರ ಮನೆಮನೆಯ ಬಾಗಿಲ ಮೇಲಿದೆ. ಹೊಸ ವರ್ಷದ ವಾಗ್ದಾನದ ಕಾರ್ಡಿನಲ್ಲೂ ಅದೇ. ನಿಮಗೆ ಒಳ್ಳೇ ಗತಿ, ನಿರೀಕ್ಷೆ ಕೊಡುತ್ತೇನೆ ಎಂಬ ದೇವರ ಮಾತು. ಹಾಳೆಯಲ್ಲಿ ಪೂರ್ತಿ ಪತ್ರ ಓದಿದಾಗ ಅದರ ಹಿಂದಿನ ಸಾಲು ಸಿಕ್ಕಿತು: ಎಪ್ಪತ್ತು ವರ್ಷ ತುಂಬಿದ ಮೇಲೆ. ಹಾಳೆಯ ಇನ್ನೊಂದು ಬದಿಯಲ್ಲಿ 28ನೇ ಅಧ್ಯಾಯ ಹಾಕಿದ್ದೆ. ಅಲ್ಲಿ ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲಾ ವಾಪಸ್ ಬರುತ್ತದೆ ಅನ್ನುತ್ತಾನೆ, ಯೆರೆಮೀಯನ ಹೆಗಲ ಮೇಲಿನ ನೊಗ ಮುರಿಯುತ್ತಾನೆ. ಅದೇ ವರ್ಷ ಸಾಯುತ್ತಾನೆ.

ಗೌಂಡಿ ಕೆಲಸದಿಂದ ನಿವೃತ್ತರಾದ ಕಾಕಾ ಒಬ್ಬರು ಪೆನ್ಸಿಲ್ ಕೆಳಗಿಟ್ಟು ಹೇಳಿದರು: "ಎಪ್ಪತ್ತು ವರ್ಷ ಅಂದ್ರೆ ಆ ಕಾಗದ ಓದಿಸಿಕೊಂಡವರಲ್ಲಿ ಮುಕ್ಕಾಲು ಮಂದಿ ಅಲ್ಲೇ ಸತ್ತಿರ್ತಾರೆ. ಅವರಿಗೆ ಏನು ಸಿಕ್ತು?" ಯಾರೂ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ. ಮುಂದಿನ ವಾರ ಆಯಾ ಕೆಲಸದ ಅಕ್ಕ ಒಬ್ಬರು ಮೇಲಿನ ಸಾಲುಗಳ ಮೇಲೆ ಬೆರಳಿಟ್ಟರು. ಮನೆ ಕಟ್ಟಿ, ತೋಟ ಮಾಡಿ, ಮದುವೆ ಮಾಡಿಕೊಳ್ಳಿ, ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. "ಸಿಕ್ಕಿದ್ದು ಇದು ಕಾಕಾ. ಬಾಬೆಲಿನಲ್ಲೂ ದೇವರು ಇದ್ದ."

ನಮ್ಮನ್ನು ಯಾರೂ ಸೆರೆ ಹಿಡಿದು ಮುಂಬೈಗೆ ತಂದಿಲ್ಲ, ಹೊಟ್ಟೆಪಾಡಿಗೆ ಬಂದವರು. ಈ ವ್ಯತ್ಯಾಸವನ್ನೂ ಬರೆದುಕೊಂಡೆವು. ಆದರೆ ಮೂವತ್ತು ವರ್ಷದಿಂದ "ಇನ್ನೆರಡು ವರ್ಷಕ್ಕೆ ಊರಿಗೆ ಹೋಗ್ತೀವಿ" ಅನ್ನುತ್ತಿದ್ದೆವು. ಹನನ್ಯನ ಮಾತೇ ಅಲ್ವಾ ಅದು? ಚಾಳಿನ ನೀರಿನ ಗಲಾಟೆ ಮರಾಠಿಯವರ ತಲೆನೋವು ಎಂದು ದೂರ ನಿಂತವರು ನಾವು. ಆ ತಿಂಗಳ ಕೆಲಸವಾಗಿ ನಮ್ಮಲ್ಲಿ ಮೂವರು ಚಾಳ್ ಕಮಿಟಿ ಮೀಟಿಂಗಿಗೆ ಹೋದರು. ಈಗ ಪ್ರತಿ ಶನಿವಾರ ಪಕ್ಕದ ಮನೆಗಳಿಗಾಗಿ ಹೆಸರು ಹಿಡಿದು ಪ್ರಾರ್ಥನೆ ಮಾಡುತ್ತೇವೆ. ಬಾಗಿಲ ಮೇಲಿನ ವಚನವನ್ನು ಯಾರೂ ಕಿತ್ತಿಲ್ಲ. ಆ ವಾಗ್ದಾನ ನಮಗೆ ಇನ್ನೂ ದೊಡ್ಡದಾಯಿತು, ನಾನು ಹಾಗೇ ನಂಬುತ್ತೇನೆ.

ಫಿಲಿಪ್ಪಿ 4 ಕೂಡ ಹೀಗೇ ತೆರೆಯಿತು. ಎಲ್ಲವನ್ನೂ ಮಾಡಲು ಶಕ್ತನಾಗಿದ್ದೇನೆ ಅನ್ನುವುದನ್ನು ಹುಡುಗರು ಪರೀಕ್ಷೆಗೆ ಹೇಳಿಕೊಳ್ಳುತ್ತಿದ್ದರು. ಪೌಲ ಅದನ್ನು ಬೇಡಿ ಹಾಕಿಸಿಕೊಂಡು, ಹಸಿವು ಕೊರತೆಯ ಮಾತಿನ ಬೆನ್ನಿಗೆ ಬರೆದ. ಎರಡನೆಯ ಅರಸುಗಳು 4ರ ವಿಧವೆಯ ಎಣ್ಣೆಯ ಕಥೆಯಲ್ಲಿ ಪ್ರವಾದಿ ಎಲೀಷ ಮೊದಲು ಎಣ್ಣೆ ಮಾರಿ ಸಾಲ ತೀರಿಸು ಅನ್ನುತ್ತಾನೆ, ಮಿಕ್ಕದ್ದರಲ್ಲಿ ಬದುಕು ಅನ್ನುತ್ತಾನೆ. ಆ ತಿಂಗಳು ಇಬ್ಬರು ಭಿಶಿಯ (ಚೀಟಿಯ) ಬಾಕಿ ಕಟ್ಟಿದರು. ನಾನು ಹೇಳಿದ್ದಲ್ಲ, ಅವರೇ ತೀರ್ಮಾನಿಸಿದ್ದು.

ಓದು ಬಾರದವರು ಏನು ಮಾಡಬೇಕು ಎಂದು ಪಾಸ್ಟರ್ ಕೇಳಿದ್ದರು. ಭಾಗವನ್ನು ಮೊಬೈಲಿನಲ್ಲಿ ಓದಿ ರೆಕಾರ್ಡ್ ಮಾಡಿ ಕೊಟ್ಟೆ. ಲೋಕಲ್ ರೈಲಿನಲ್ಲಿ ಕೇಳುತ್ತಾ ಹೋಗುತ್ತಾರೆ. ಸಾಲು ಸಾಲಾಗಿ ನೆನಪಿಟ್ಟು ಹೇಳುವವರು ಅವರೇ. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರಲ್ಲ. ಅವರಿಗೆ ಕನ್ನಡ ಭಾಗವನ್ನೇ ಮರಾಠಿಯ ದೇವನಾಗರಿ ಅಕ್ಷರದಲ್ಲಿ ಬರೆದು ಕೊಟ್ಟು ನೋಡಿದೆ, ತಡವರಿಸಿದರು. ಮರಾಠಿ ಬೈಬಲನ್ನೇ ಕೈಗೆ ಕೊಟ್ಟ ಮೇಲೆ ಸರಿಹೋಯಿತು. ಯೇಸು ಬಿರುಗಾಳಿ ನಿಲ್ಲಿಸುವ ಮಾರ್ಕ 4ರ ಕಥೆಯಲ್ಲಿ ಬೇರೆ ದೋಣಿಗಳೂ ಜೊತೆಗಿದ್ದವು ಎಂದು ಮೊದಲು ಕಂಡದ್ದು ಏಳನೇ ತರಗತಿಯ ಹುಡುಗಿ. "ಆ ದೋಣಿಯವರಿಗೂ ಗಾಳಿ ನಿಂತಿತು ಅಲ್ವಾ ಅಂಕಲ್, ಅವರು ಯೇಸುವನ್ನು ಕೇಳೇ ಇರಲಿಲ್ಲ" ಅಂದಳು. ಇಷ್ಟು ವರ್ಷ ಪ್ರಸಂಗ ಕೇಳಿದ ನಮಗೆ ಅದು ಹೊಳೆದಿರಲಿಲ್ಲ.

ಮಾತೇ ಆಡದವರನ್ನು ಮಾತಾಡಿಸಲು ನನ್ನ ಹತ್ತಿರ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ, ಕೂಟಕ್ಕೆ ಬಂದು ನೋಡಿ. ಶುರು ಮಾಡುವವರು ಪೌಲ ಫಿಲೆಮೋನನಿಗೆ ಬರೆದ ಪತ್ರ ಹಿಡಿಯಿರಿ. ಒಂದೇ ಅಧ್ಯಾಯ, ಎರಡು ಹಾಳೆಯಲ್ಲಿ ಮುಗಿಯುತ್ತದೆ. ಪೆನ್ನು ಕೊಡಬೇಡಿ, ಪೆನ್ಸಿಲ್ ಕೊಡಿ. ಅಳಿಸಬಹುದು ಅಂತ ಗೊತ್ತಿದ್ದರೆ ಜನ ಧೈರ್ಯವಾಗಿ ಬರೆಯುತ್ತಾರೆ. ಐದಾರು ಪ್ರತಿ ಜಾಸ್ತಿ ತೆಗೆಸಿ, ಪಕ್ಕದ ಮನೆಯವರು ಬರುತ್ತಾರೆ.